ಎಡಕ್ಕೆ ಹೋಗುತ್ತಿದ್ದ ಕುರ್ಚಿ

ಗಡ್ಡ ಬೋಳಿಸಿದ ಮೇಲೆ ಹಚ್ಚುವ ಪಟಿಕದ ಕಲ್ಲು ಹಿಡಿದು ಹಿಡಿದು ತಣ್ಣಗಾಗಿದ್ದ ಎರಡು ಬೆರಳು. ಎಡಗೈಯ ತೋರುಬೆರಳು, ನಡುಬೆರಳು. ಅವು ನೆತ್ತಿಯ ಮೇಲೆ ಬಿದ್ದವೆಂದರೆ ನನ್ನ ತಲೆ ತಾನಾಗಿ ಬಗ್ಗುತ್ತಿತ್ತು, ಬಾಯಿ ತಾನಾಗಿ ಮುಚ್ಚುತ್ತಿತ್ತು. ಶಾಲೆಯ ಅಷ್ಟೂ ಮಾಸ್ತರರಿಗೆ ಆಗದ, ಮನೆಯಲ್ಲಿ ಅಪ್ಪನ ಬೆಲ್ಟಿಗೂ ಆಗದ ಕೆಲಸವನ್ನು ಆ ಎರಡು ಬೆರಳು ತಿಂಗಳಿಗೊಮ್ಮೆ ಸಲೀಸಾಗಿ ಮಾಡುತ್ತಿದ್ದವು. ಆ ಬೆರಳಿನವರ ಪೆನ್‌ಡ್ರೈವನ್ನು, ಅದರೊಳಗಿದ್ದ ಹನ್ನೊಂದು ಸಿನಿಮಾಗಳ ಸಮೇತ, ಒಂದು ಗುಂಡಿ ಒತ್ತಿ ಅಳಿಸಿಹಾಕಿದವನು ನಾನೇ. ಇದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಕೊನೆಯವರೆಗೆ ಇಟ್ಟುಕೊಂಡರೆ ಅಷ್ಟರೊಳಗೆ ನನಗೆ ನನ್ನ ಮೇಲೇ ಕನಿಕರ ಹುಟ್ಟಿ, ತಪ್ಪನ್ನು ಕರೆಂಟಿನ ಮೇಲೆ ಹೊರಿಸಿಬಿಟ್ಟೇನು.

ನಾನು ಮಿಮಿಕ್ರಿಯವನು. ಶಾಲೆಗಳ ವಾರ್ಷಿಕೋತ್ಸವ, ಗಣಪತಿ ಪೆಂಡಾಲು, ಆರ್ಕೆಸ್ಟ್ರಾದಲ್ಲಿ ಗಾಯಕಿ ನೀರು ಕುಡಿದು ಬರುವಷ್ಟು ಹೊತ್ತು, ಇಂಥ ಕಡೆ ಮೈಕು ಹಿಡಿದು ನಿಲ್ಲುವುದು ನನ್ನ ಕಸುಬು. ಅಡಿಕೆ ಮಂಡಿಯ ದಲ್ಲಾಳಿ, ಶಿವಮೊಗ್ಗ ಬಸ್ಸಿನ ಕಂಡಕ್ಟರು, ಬೋರ್‌ವೆಲ್ ಲಾರಿ, ಹಾಲು ಕೊಡಲು ಒಲ್ಲದ ಎಮ್ಮೆ, ಎಲ್ಲವೂ ನನ್ನ ಗಂಟಲಿನಲ್ಲಿವೆ. ನನ್ನ ಸ್ವಂತ ದನಿ ಯಾವುದು ಅಂತ ಮಾತ್ರ ಕೇಳಬೇಡಿ, ಎಲ್ಲಿಟ್ಟಿದ್ದೇನೋ ಹುಡುಕಬೇಕು. ಈ ಎಲ್ಲರ ಮುಖ ಮಾಡುವುದನ್ನು ಕಲಿತದ್ದು ಹೊಳಲ್ಕೆರೆಯ ಕಟಿಂಗ್ ಶಾಪಿನ ಅಣ್ಣನ ಕನ್ನಡಿಯ ಮುಂದೆ. ನಮ್ಮ ಮನೆಯದು ಅಂಗೈ ಅಗಲದ ಕನ್ನಡಿ. ಬಾಯಿ ಕಂಡರೆ ಹುಬ್ಬು ಕಾಣದು. ಅಣ್ಣನದು ಗೋಡೆಯಿಂದ ಗೋಡೆಗೆ. ಗಿರಾಕಿ ಇಲ್ಲದಾಗ ನಾನು ಅದರ ಮುಂದೆ ನಿಂತು ಕುತ್ತಿಗೆ ತಿರುಚಿಕೊಳ್ಳುವುದನ್ನು ಅವರು ಬಾಚಣಿಗೆ ತೊಳೆಯುತ್ತಾ ನೋಡುತ್ತಿದ್ದರು. ಹೀಗೆ ಕಲಿತದ್ದರಿಂದಲೋ ಏನೋ, ಯಾರಾದರೂ ನನ್ನ ಕಾರ್ಯಕ್ರಮದ ವಿಡಿಯೊ ತೋರಿಸಿದರೆ ನನಗೆ ಇವತ್ತಿಗೂ ಕಸಿವಿಸಿ. ಮೂಗು ಆ ಕಡೆಗೆ ಡೊಂಕು, ಬೈತಲೆ ಈ ಕಡೆಗೆ. ಯಾರೋ ದೂರದ ದಾಯಾದಿ ನನ್ನ ಅಂಗಿ ತೊಟ್ಟು ಕುಣಿಯುತ್ತಿದ್ದಾನೆ ಅನ್ನಿಸುತ್ತದೆ.

ಅಂಗಡಿಯಲ್ಲಿ ಎರಡು ಕುರ್ಚಿ, ಒಂದು ಬೆಂಚು. ಕುರ್ಚಿಗಳ ಎದುರಿಗೆ ಕನ್ನಡಿ, ಬೆನ್ನ ಹಿಂದೆ ಬೆಂಚು, ಬೆಂಚಿನ ಮೇಲ್ಗಡೆ ಗೋಡೆಗೆ ಟೀವಿ. ಹಾಗಾಗಿ ಕುರ್ಚಿಯಲ್ಲಿ ಕುಂತವರೂ, ಬೆಂಚಿನಲ್ಲಿ ಕಾಯುವವರೂ, ಕತ್ತರಿ ಹಿಡಿದ ಅಣ್ಣನೂ ಟೀವಿಯನ್ನು ನೋಡುತ್ತಿದ್ದದ್ದು ಕನ್ನಡಿಯಲ್ಲಿಯೇ. ಅದೊಂದು ವಿಶೇಷವೆಂದು ಯಾರಿಗೂ ಅನ್ನಿಸಿರಲಿಲ್ಲ. ಬೇರೆ ಅಂಗಡಿಗಳ ಕನ್ನಡಿಯಲ್ಲಿ ಹಾಡು, ಕ್ರಿಕೆಟ್ಟು, ಸುದ್ದಿಯವರ ಕಿರುಚಾಟ. ನಮ್ಮ ಅಣ್ಣನ ಕನ್ನಡಿಯಲ್ಲಿ ಏನೂ ಆಗದ ಸಿನಿಮಾ.

ಅವು ಅಲ್ಲಿಗೆ ಬಂದದ್ದು ಗಾಳಿಯಿಂದ ಅನ್ನಬೇಕು. ಗುಡ್ಡಗಳ ಮೇಲೆ ತಿರುಗುವ ವಿದ್ಯುತ್ ಫ್ಯಾನುಗಳ ಕಂಪನಿಗೆ ಕಲ್ಕತ್ತೆಯ ಕಡೆಯ ಒಬ್ಬ ಎಂಜಿನಿಯರ್ ಬಂದಿದ್ದ. ಗಡ್ಡ ಬೋಳಿಸಿಕೊಳ್ಳುವಾಗ ತಿಳಿಯದ ಭಾಷೆಯ ಹಾಡು ಕೇಳಲಾರೆ ಎಂದು ತನ್ನದೇ ಪೆನ್‌ಡ್ರೈವ್ ತಂದು ಟೀವಿಗೆ ಚುಚ್ಚುತ್ತಿದ್ದ. ವರ್ಗವಾದ ದಿನ ಅದನ್ನು ಕಿತ್ತುಕೊಳ್ಳಲಿಲ್ಲ. ತನಗೆ ಬರುತ್ತಿದ್ದ ಐದಾರು ಕನ್ನಡ ಮಾತಿನಲ್ಲಿ ಎರಡನ್ನು ಖರ್ಚು ಮಾಡಿ, ಇಟ್ಕೊ ಅಣ್ಣ, ಎಂದು ಹೇಳಿ ಹೋದನಂತೆ. ಒಳಗೆ ಹನ್ನೊಂದು ಸಿನಿಮಾ. ಯಾವುದಕ್ಕೂ ಹೆಸರಿಲ್ಲ, ಬರೀ ನಂಬರು. ಯಾವ ದೇಶದ್ದು, ಯಾರು ತೆಗೆದದ್ದು, ಒಂದೂ ಗೊತ್ತಿಲ್ಲ. ಇಡೀ ದುರ್ಗ ಜಿಲ್ಲೆಯಲ್ಲಿ ಇಂಥ ಇನ್ನೊಂದು ಪೆನ್‌ಡ್ರೈವ್ ಇದ್ದಿರಲಾರದು. ಇದ್ದಿದ್ದರೆ ನಾನು ಈ ಬರಹ ಬರೆಯಬೇಕಾಗಿರಲಿಲ್ಲ.

ಒಂದು ಸಿನಿಮಾದಲ್ಲಿ ಮುದುಕಿಯೊಬ್ಬಳು ಕಿತ್ತಳೆ ಹಣ್ಣು ಸುಲಿಯುತ್ತಾಳೆ. ಸಿಪ್ಪೆ ಮುಗಿಯುವುದೇ ಇಲ್ಲ. ಮೇಜಿನಿಂದ ಇಳಿದು, ಹೊಸ್ತಿಲು ದಾಟಿ, ಬೀದಿಗೆ ಹೋಗುತ್ತದೆ. ಬೀದಿಯ ಜನ ಅದನ್ನು ತುಳಿಯದೆ ದಾಟಿಕೊಂಡು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇನ್ನೊಂದರಲ್ಲಿ ಬಸ್ಸು ತುಂಬ ಜನ ಹಿಂದಕ್ಕೆ ಮುಖ ಮಾಡಿ ಕುಂತಿದ್ದಾರೆ, ಡ್ರೈವರೂ. ಅಣ್ಣನಿಗೆ ಪ್ರಾಣವಾಗಿದ್ದದ್ದು ಕುರ್ಚಿಯ ಸಿನಿಮಾ. ಕಣ್ಣು ಹಾಯುವವರೆಗೆ ಒಣಗಿದ ಕೆರೆಯಂಗಳ. ಒಬ್ಬ ಮನುಷ್ಯ ಖಾಲಿ ಕುರ್ಚಿಯೊಂದಕ್ಕೆ ಹಗ್ಗ ಕಟ್ಟಿ ಎಡಕ್ಕೆ ಎಳೆದುಕೊಂಡು ಹೋಗುತ್ತಾನೆ. ಎದುರಿಗೆ ಯಾರಾದರೂ ಬಂದರೆ ಅವನನ್ನು ಮಾತಾಡಿಸುವುದಿಲ್ಲ, ಕುರ್ಚಿಗೆ ನಮಸ್ಕಾರ ಮಾಡಿ ಹೋಗುತ್ತಾರೆ. ಹೀಗೇ ಮುಕ್ಕಾಲು ಗಂಟೆ. ಕೊನೆಗೆ ಅವನು ಹಗ್ಗ ಬಿಟ್ಟು ನೆಲಕ್ಕೆ ಕುಂತುಬಿಡುತ್ತಾನೆ. ಕುರ್ಚಿ ನಿಲ್ಲುವುದಿಲ್ಲ. ತನ್ನಷ್ಟಕ್ಕೆ ತಾನು ಎಡಕ್ಕೆ ಸರಿಯುತ್ತಾ ಸರಿಯುತ್ತಾ ಕನ್ನಡಿಯ ಅಂಚಿಗೆ ಹೋಗಿ ಮರೆಯಾಗುತ್ತದೆ. ಅಂಗಡಿಯ ಬಾಗಿಲೂ ಆ ಕಡೆಯೇ ಇದ್ದುದರಿಂದ, ಈಗ ಹೊರಗೆ ಹೋಗಿ ನೋಡಿದರೆ ಅದು ಬಸ್ಸಿಗೆ ಕಾಯುತ್ತಾ ನಿಂತಿರುತ್ತದೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಅದನ್ನು ಯಾರಿಗೂ ಹೇಳಲಿಲ್ಲ. ನಗಿಸುವವನಿಗೆ ಇಂಥದ್ದೆಲ್ಲ ಅನ್ನಿಸಬಾರದು.

ಗಿರಾಕಿಗಳು ಬೈಯುತ್ತಿದ್ದರು, ಆದರೆ ಎದ್ದು ಹೋಗುತ್ತಿರಲಿಲ್ಲ. ಅರ್ಧ ಗಡ್ಡ ಬೋಳಿಸಿಕೊಂಡವನು ಎಲ್ಲಿಗೆ ಹೋದಾನು? ಕೆಲವರು ನಿದ್ದೆ ಹೋಗುತ್ತಿದ್ದರು. ಅದರಿಂದ ಗಾಯವಾಗುವುದು ಕಮ್ಮಿ ಎಂಬುದು ಅಣ್ಣನ ಲೆಕ್ಕ. ಕಬ್ಬಿಣದ ಅಂಗಡಿಯ ಚಾಚಾ ಪ್ರತಿ ಶುಕ್ರವಾರ ಬೆಳಿಗ್ಗೆ ಗಡ್ಡ ಸರಿಮಾಡಿಸಲು ಬರುವಾಗ ಹೊಸ್ತಿಲಲ್ಲೇ ಕೇಳುತ್ತಿದ್ದರು: "ಏನಪ್ಪ, ಕುರ್ಚಿ ಎಲ್ಲಿಗಂಟ ಬಂತು?" ಅಣ್ಣ ಸ್ವಲ್ಪವೂ ನಗದೆ, ಇನ್ನೂ ಅರ್ಧ ಕೆರೆ ಐತೆ ಚಾಚಾ, ಎನ್ನುತ್ತಿದ್ದರು. ಹೊರಕೆರೆದೇವಪುರದ ಕಡೆಯ ಕುರಿಯವನೊಬ್ಬ ಮಾತ್ರ ಕಟಿಂಗ್ ಮುಗಿದ ಮೇಲೂ ಕುರ್ಚಿಯಿಂದ ಏಳದೆ, ಕೊರಳಿನ ಬಿಳಿ ಬಟ್ಟೆಯನ್ನೂ ಬಿಚ್ಚಿಸಿಕೊಳ್ಳದೆ ಇಡೀ ಸಿನಿಮಾ ನೋಡಿದ. ಎದ್ದು ಕಂಬಳಿ ಕೊಡವಿಕೊಳ್ಳುತ್ತಾ, ನಮ್ ಕೆಲ್ಸಾನ ಯಾರೋ ಪಿಚ್ಚರ್ ತೆಗೆದವ್ರೆ, ಎಂದು ಹೇಳಿ ಹೋದ. ಅವತ್ತು ಅಣ್ಣನ ಮುಖದಲ್ಲಿದ್ದ ಬೆಳಕನ್ನು ನಾನು ಅವರ ಮಗಳ ಮದುವೆಯಲ್ಲೂ ಕಾಣಲಿಲ್ಲ.

ಇದರಲ್ಲಿ ಅಂಥದ್ದೇನಿದೆ ಎಂದು ನಾನೊಮ್ಮೆ ಕೆಣಕಿದೆ. ಅವರು ಮಾತು ಕಮ್ಮಿಯ ಮನುಷ್ಯ. ಕ್ಷೌರದ ಅಂಗಡಿಯಲ್ಲಿ ಬಾಯಾಡಿಸದೆ ಬದುಕಿದ್ದೇ ಅವರ ದೊಡ್ಡ ಸಾಧನೆ. ಕತ್ತರಿ ನಿಲ್ಲಿಸಿ ಹೇಳಿದರು: "ಕೂದ್ಲು ಬೆಳೆಯಾದನ್ನ ಯಾರಾರ ಕಂಡಾರೇನಪ್ಪ? ಆದ್ರೂ ತಿಂಗ್ಳಿಗೊಂದ್ಸಲ ಬಂದು ಕುಂತ್ಕಂತೀರಿ. ಆ ಕುರ್ಚಿನೂ ಹಂಗೇ ಹೋಗ್ತಾ ಐತೆ. ನೋಡ್ರಿ."

ಮಂಗಳವಾರ ಅಂಗಡಿಗೆ ರಜ. ಅವತ್ತು ಅವರು ಅರ್ಧ ಶಟರ್ ಎಳೆದು, ಗಿರಾಕಿಯ ಕುರ್ಚಿಯಲ್ಲಿ ತಾವೇ ಕುಂತು, ಟೀವಿಗೆ ಬೆನ್ನು ಮಾಡಿ, ಕನ್ನಡಿಯಲ್ಲಿ ಒಂದು ಸಿನಿಮಾ ಪೂರ್ತಿ ನೋಡುತ್ತಿದ್ದರು. ಕೆಲಸದ ದಿನಗಳಲ್ಲಿ ತುಂಡು ತುಂಡಾಗಿ ಕಂಡದ್ದನ್ನು ಜೋಡಿಸಿಕೊಳ್ಳುವ ದಿನ ಅದು. ಹೀಗೆ ಆರು ವರ್ಷ. ಹೆಂಡತಿ ಮನೆಯಿಂದ ಬುತ್ತಿ ಕಳಿಸಿದರೆ ಸಿನಿಮಾ ಮುಗಿದ ಮೇಲೇ ಊಟ.

ನಾನು ಈ ಎಲ್ಲವನ್ನೂ ಐಟಂ ಮಾಡಿಕೊಂಡೆ. ವೇದಿಕೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಗೆ ಹಗ್ಗ ಕಟ್ಟಿ ಎಳೆಯುತ್ತಾ, ಆಕಳಿಸುತ್ತಾ, ನಡುವೆ ಚಾಚಾನ ದನಿಯಲ್ಲಿ ಕುರ್ಚಿಯ ಯೋಗಕ್ಷೇಮ ವಿಚಾರಿಸುವುದು. ಹೊಸದುರ್ಗದಲ್ಲಿ, ಹಿರಿಯೂರಿನಲ್ಲಿ, ಎಲ್ಲಿ ಮಾಡಿದರೂ ಜನ ಬಿದ್ದು ಬಿದ್ದು ನಕ್ಕರು. ಹೊಳಲ್ಕೆರೆಯಲ್ಲಿ ಮಾಡಿದ ದಿನ ಅಣ್ಣ ಮುಂದಿನ ಸಾಲಿನಲ್ಲಿದ್ದರು. ಬೈಯುತ್ತಾರೆ ಅಂತ ಮರುದಿನ ತಲೆ ತಪ್ಪಿಸಿಕೊಂಡು ಓಡಾಡಿದೆ. ಸಿಕ್ಕಾಗ ಅವರು ಅಂದದ್ದು ಇಷ್ಟೇ: ಚೆನ್ನಾಗಿತ್ತು, ಇನ್ನೂ ನಿಧಾನ ಎಳೀಬೇಕಿತ್ತು.

ಇಂಥವರ ಪೆನ್‌ಡ್ರೈವನ್ನು ನಾನು ಕೇಳದೆ ತೆಗೆದುಕೊಂಡೆ. ಗಣಪತಿ ಪೆಂಡಾಲಿನ ಕಾರ್ಯಕ್ರಮಕ್ಕೆ ರೈಲು, ಮಳೆ, ಜನರ ಗದ್ದಲ, ಚಪ್ಪಾಳೆ, ಇಂಥ ಸದ್ದುಗಳು ಬೇಕಾಗಿದ್ದವು. ನನ್ನ ಪೆನ್‌ಡ್ರೈವ್ ಕೈಕೊಟ್ಟಿತ್ತು. ಅಣ್ಣ ಊಟಕ್ಕೆ ಹೋಗಿದ್ದರು. ಟೀವಿಯ ಪಕ್ಕದಿಂದ ಕಿತ್ತುಕೊಂಡು ಹೋದೆ, ಸಂಜೆಯೊಳಗೆ ತಂದು ಚುಚ್ಚಿದರಾಯಿತು ಅಂತ. ಮೈಕಿನವನ ಕಂಪ್ಯೂಟರ್ ಇದನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಿತು. ಬದುಕಿನಲ್ಲಿ ಯಾರಾದರೂ ನನ್ನನ್ನು ಮರ್ಯಾದೆಯಿಂದ ಏನಾದರೂ ಕೇಳಿದರೆ ಹೂಂ ಅಂದುಬಿಡುವುದು ನನ್ನ ಚಟ. ಹೂಂ ಅಂದೆ. ಆಮೇಲೆ ಅದು ಭರ್ತಿಯಾಗುವಷ್ಟು ಸದ್ದು ತುಂಬಿದೆ. ಅಂದುಕೊಂಡಂತೆ ಸಂಜೆಯೊಳಗೆ ತಂದು ಚುಚ್ಚಿದೆ.

ಸಂಜೆ ಅಣ್ಣ ಟೀವಿ ಹಾಕಿದಾಗ ಕನ್ನಡಿಯಲ್ಲಿ ಕಪ್ಪು ಪರದೆ. ಚಪ್ಪಾಳೆಯ ಸದ್ದು ಮಾತ್ರ ಬಂತು. ಯಾರೂ ಇಲ್ಲದ ಸಭೆಯ ಚಪ್ಪಾಳೆ, ನಿಲ್ಲದೆ. ಬೆಂಚಿನ ಮೇಲಿದ್ದವರು ಮೊದಲು ನಕ್ಕರು, ನಾನೂ ನಕ್ಕೆ. ಅಣ್ಣ ತಿರುಗಿ ಟೀವಿಯನ್ನೇ ನೋಡಿದರು. ಅವರು ಕನ್ನಡಿ ಬಿಟ್ಟು ನೇರವಾಗಿ ಅದರ ಕಡೆ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಸ್ವಿಚ್ ಆರಿಸಿ, ಗಿರಾಕಿಗೆ ಹೊದಿಸುವ ಬಿಳಿ ಬಟ್ಟೆಯೊಂದನ್ನು ಟೀವಿಗೆ ಹೊದಿಸಿ, ಕೆಲಸಕ್ಕೆ ಮರಳಿದರು. ಎಲ್ಲರೂ ಹೋದ ಮೇಲೆ, ನೆಲದ ಕೂದಲು ಗುಡಿಸುತ್ತಾ ಅಂದರು: "ನಾನು ಕತ್ತರ್ಸಿದ್ದು ಬೆಳೀತೈತೆ ಕಣೋ. ನೀನು ಕತ್ತರ್ಸಿದ್ದು ಬೆಳೆಯಲ್ಲ."

ಬೈದಿದ್ದರೆ ಅವರ ದನಿಯಲ್ಲೇ ಅನುಕರಿಸಿ ಮರೆತುಬಿಡುತ್ತಿದ್ದೆನೇನೋ. ಅವರು ಬೈಯಲಿಲ್ಲ. ನಾನು ದುರ್ಗಕ್ಕೆ ಹೋಗಿ ಅಳಿದದ್ದನ್ನು ಮರಳಿ ತೆಗೆಯುವವರ ಹತ್ತಿರ ಕೊಟ್ಟೆ. ಬರೀ ಅಳಿಸಿದ್ದರೆ ತೆಗೆಯಬಹುದಿತ್ತು, ಅದರ ಮೇಲೆ ಬೇರೆ ತುಂಬಿದ್ದೀಯಲ್ಲಪ್ಪ, ಅಂದರು. ಎಂಜಿನಿಯರನ ನಂಬರು ಬಳಕೆಯಲ್ಲಿರಲಿಲ್ಲ. ಕಂಪನಿಯ ಕಾವಲುಗಾರ, ಅಂಥವರು ಬಹಳ ಜನ ಬಂದು ಹೋದರು, ಅಂದ. ಸಿನಿಮಾ ಹುಚ್ಚಿನವರ ಗುಂಪುಗಳನ್ನೆಲ್ಲ ಫೋನಿನಲ್ಲಿ ಹುಡುಕಿ, ಕಂಡಕಂಡವರಿಗೆ ಕುರ್ಚಿಯ ಕಥೆ ಬರೆದೆ. ಹೆಸರು ಹೇಳು ಅಂದರು. ಹೆಸರು ಗೊತ್ತಿದ್ದರೆ ನಿಮ್ಮನ್ನು ಯಾಕೆ ಕೇಳುತ್ತಿದ್ದೆ? ಕೆಲವರು ನಗುವ ಮುಖಗಳನ್ನು ಕಳಿಸಿದರು. ನಾನು ಇಷ್ಟು ವರ್ಷ ಊರಿಗೆ ಹಂಚಿದ್ದು ನನಗೇ ವಾಪಸು ಬಂತು.

ಒಂದು ಮಂಗಳವಾರ ಅರ್ಧ ಶಟರಿನ ಕೆಳಗೆ ನುಗ್ಗಿ, ಸಿನಿಮಾವನ್ನು ನಾನೇ ಆಡಿ ತೋರಿಸುತ್ತೇನೆ ಅಂದೆ. ತಮಾಷೆಗಲ್ಲ. ಅಣ್ಣ ಗಿರಾಕಿಯ ಕುರ್ಚಿಯಲ್ಲಿ ಕುಂತರು. ನಾನು ಪ್ಲಾಸ್ಟಿಕ್ ಕುರ್ಚಿಗೆ ಹಗ್ಗ ಕಟ್ಟಿದೆ. ಹತ್ತಡಿ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಎಳೆಯಬೇಕೆಂದರೆ ಒಂದು ಹೆಜ್ಜೆಗೆ ಎಷ್ಟು ಹೊತ್ತು, ಲೆಕ್ಕ ಹಾಕಿ. ನಾಲ್ಕು ನಿಮಿಷಕ್ಕೆ ನನ್ನ ಗಂಟಲು ಕೆರೆಯತೊಡಗಿತು. ತಡೆಯಲಾಗದೆ ಬಾಯಲ್ಲಿ ಗಾಳಿಯ ಸದ್ದು ಮಾಡಿದೆ. ಅಣ್ಣ ಕಣ್ಣು ಮುಚ್ಚಿದರು. ಅದ್ರಾಗೆ ಗಾಳಿ ಇರ್ಲಿಲ್ಲ, ಅಂದರು. ಎದ್ದು ಶಟರ್ ಎತ್ತಿದರು. ಎಲ್ಲರ ದನಿ ಬರುವ ನನಗೆ ಸುಮ್ಮನಿರುವವನೊಬ್ಬನ ಅನುಕರಣೆ ಬರುವುದಿಲ್ಲ ಎಂದು ಅವತ್ತು ತಿಳಿಯಿತು.

ಅಂಗಡಿಗೆ ಹಾಡಿನ ಚಾನೆಲ್ ಬಂತು. ಗಿರಾಕಿಗಳಿಗೆ ಖುಷಿ. ಚಾಚಾ ಮುಂದಿನ ಶುಕ್ರವಾರ ಬಂದು, ರೂಢಿಯಂತೆ ಕುರ್ಚಿ ಎಲ್ಲಿಗಂಟ ಬಂತು ಅಂದವರು, ಕನ್ನಡಿಯಲ್ಲಿ ಕುಣಿಯುತ್ತಿದ್ದವರನ್ನು ಕಂಡು ಕತ್ತು ಚಾಚಿ ಕುಂತರು. ಅಣ್ಣ ಕನ್ನಡಿಯ ಕಡೆ ಕಣ್ಣೆತ್ತದೆ, ಎದುರಿಗಿರುವ ತಲೆಯನ್ನಷ್ಟೇ ನೋಡಿ ಕೆಲಸ ಮಾಡುವುದನ್ನು ರೂಢಿಸಿಕೊಂಡರು. ಮಂಗಳವಾರ ಮನೆಯಲ್ಲಿ ಮಲಗತೊಡಗಿದರು. ಆ ಮಲಗುವುದಕ್ಕೆ ಬೇರೆ ಕಾರಣವೂ ಇತ್ತು ಎಂಬುದು ಬಹಳ ತಡವಾಗಿ ಗೊತ್ತಾಯಿತು. ಹೊಟ್ಟೆಯಲ್ಲಿ ಗಡ್ಡೆ. ದುರ್ಗದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಅದು ಹರಡಿಯಾಗಿತ್ತು. ಡಾಕ್ಟರು ಅವರ ಹೆಂಡತಿಯನ್ನು, ನಾನು ಅಕ್ಕ ಅನ್ನುತ್ತಿದ್ದೆ, ಹೊರಗೆ ಕರೆದು ಇನ್ನು ದಿನಗಳ ಲೆಕ್ಕದಲ್ಲಿ ಮಾತಾಡಿದರಂತೆ.

ಆ ವಾರವೇ ಸಿನಿಮಾ ಸಿಕ್ಕಿತು. ಎಂಟು ತಿಂಗಳ ಹಿಂದೆ ನಾನು ಬರೆದಿದ್ದ ಕುರ್ಚಿಯ ಕಥೆಯ ಕೆಳಗೆ, ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕಿ ಇದ್ದ ಯಾರೋ ಪುಣ್ಯಾತ್ಮ ಒಂದು ಕೊಂಡಿ ಕಳಿಸಿದ್ದ. ಒಂದು ಮಾತೂ ಬರೆದಿರಲಿಲ್ಲ. ದುರ್ಗದ ಬಸ್ಸಿನಲ್ಲಿ ಕುಂತು ನೋಡಿದೆ. ಅದೇ ಕೆರೆ, ಅದೇ ಹಗ್ಗ, ಅದೇ ನಮಸ್ಕಾರ ಮಾಡುವ ಜನ. ಆದರೂ ಏನೋ ಹೊಂದುತ್ತಿರಲಿಲ್ಲ. ನನ್ನದೇ ವಿಡಿಯೊ ನೋಡಿದಾಗ ಆಗುವ ಕಸಿವಿಸಿ. ಚಿಕ್ಕ ಪರದೆ, ಅದಕ್ಕೇ ಹಾಗೆ, ಅಂದುಕೊಂಡೆ.

ವಾರ್ಡಿನಲ್ಲಿ ಅಣ್ಣ ಗೋಡೆಗೆ ಮುಖ ಮಾಡಿದ್ದರು. ಅವರ ಗಡ್ಡ ಬೆಳೆದದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ಅಕ್ಕ ನನ್ನ ತೋಳು ಹಿಡಿದು, "ಮೂರು ದಿನ ಆತಪ್ಪ, ಏನು ಕೇಳಿದ್ರೂ ಬ್ಯಾಡ ಅಂತಾರೆ. ಆ ಪಿಚ್ಚರ್ ಸಿಕ್ತು ಅಂದ್ಯಲ್ಲ, ಅದನ್ನಾರ ತೋರ್ಸು," ಅಂದರು. ದಿಂಬು ಎತ್ತರಿಸಿ ಕುಂಡರಿಸಿದೆವು. ನಾನು ಫೋನನ್ನು ಅವರ ಕಣ್ಣಿನ ಮುಂದೆ ಹಿಡಿದೆ. ಕೆರೆಯಂಗಳ ಕಂಡದ್ದೇ ಅವರ ಕತ್ತು ನೆಟ್ಟಗಾಯಿತು. ಪಟಿಕದ ಆ ಎರಡು ಬೆರಳು ನನ್ನ ಮಣಿಕಟ್ಟಿನ ಮೇಲೆ ಬಂದು ಕುಂತವು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎರಡು ನಿಮಿಷ. ಬಸ್ಸಿನಲ್ಲಿ ಕಂಡಕ್ಟರ್ ಬೈದರೂ ಕೇಳದಷ್ಟು ಸಂತೋಷವನ್ನು ನಾನು ಕೂಡಿಟ್ಟುಕೊಂಡು ಬಂದಿದ್ದೆ. ಅದೆಲ್ಲ ಆ ಎರಡು ನಿಮಿಷದಲ್ಲಿ ಖರ್ಚಾಯಿತು.

ಆಮೇಲೆ ಬೆರಳು ಸಡಿಲವಾದವು. "ಇದಲ್ಲ," ಅಂದರು.

ಇದೇ ಅಣ್ಣ, ಅಂದೆ. ಕೆರೆ ನೋಡ್ರಿ, ಹಗ್ಗ ನೋಡ್ರಿ.

"ನಮ್ದು ಎಡಕ್ಕೆ ಹೋಗ್ತಿತ್ತು. ಬಾಗ್ಲು ಕಡಿಗೆ. ಇದು ಬ್ಯಾರೆ ಯಾವ್ದೋ."

ಔಷಧಿಯ ಮಂಪರು ಅಂದುಕೊಂಡು ಅಕ್ಕನ ಕಡೆ ತಿರುಗಿದೆ. ಮಂಚದ ತಲೆಗಡೆಯ ಮೂಲೆಯಲ್ಲಿ ಕೈ ತೊಳೆಯುವ ಜಾಗದ ಮೇಲೆ, ಎತ್ತರದಲ್ಲಿ, ಒಂದು ಕನ್ನಡಿ. ಅದರೊಳಗೆ ನನ್ನ ಕೈ, ಕೈಯಲ್ಲಿ ಫೋನು, ಫೋನಿನಲ್ಲಿ ಕುರ್ಚಿ. ಎಡಕ್ಕೆ ಹೋಗುತ್ತಿತ್ತು.

ಆಗ ನಾನು ಏನು ಮಾಡಬೇಕಿತ್ತು ಎಂದು ಈಗ ಯಾರು ಬೇಕಾದರೂ ಹೇಳಬಹುದು. ಯಾರ ಹತ್ತಿರವಾದರೂ ಒಂದು ಕನ್ನಡಿ ಬೇಡಿ ತಂದು, ಬಾಯಿ ಮುಚ್ಚಿಕೊಂಡು ಫೋನಿನ ಎದುರಿಗೆ ಹಿಡಿದಿದ್ದರೆ ಸಾಕಿತ್ತು. ಬಾಯಿ ಮುಚ್ಚಿಕೊಳ್ಳುವುದೊಂದೇ ನನಗೆ ಬರದು. ದೊಡ್ಡದೊಂದು ಶೋಧ ಮಾಡಿದವನ ಹಾಗೆ ನಕ್ಕೆ. ಸಾಲದ್ದಕ್ಕೆ ಶಾಲೆಯ ವಿಜ್ಞಾನದ ಮಾಸ್ತರರ ದನಿ ತೆಗೆದೆ. ಆರು ವರ್ಷ ನೀವು ನೋಡಿದ್ದೆಲ್ಲ ತಿರುವುಮುರುವು ಅಣ್ಣ, ಅಂದೆ. ಊರೆಲ್ಲ ಹಂಗೇ ನೋಡಿದ್ದು. ಅಸಲಿ ಸಿನಿಮಾ ಇದು, ಕುರ್ಚಿ ಹೋಗಬೇಕಾದ್ದೇ ಬಲಕ್ಕೆ. ನಿಮ್ಮದು ಬರೀ ಕನ್ನಡಿ.

ಮುಂದಿನದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಕೊನೆಯ ಮಾತು ನನ್ನದಾಗುವುದು ಬೇಡ. ಎರಡು ದಿನ ಬಿಟ್ಟು, ಹಿಂದಲೆ ತೋರಿಸಲು ಅವರು ಹಿಡಿಯುತ್ತಿದ್ದ ಕೈಗನ್ನಡಿಯನ್ನು ಅಂಗಡಿಯಿಂದ ತೆಗೆದುಕೊಂಡು ಹೋದೆ. ಅಷ್ಟರಲ್ಲಿ ಅವರು ಕಣ್ಣು ತೆರೆಯುವುದನ್ನು ನಿಲ್ಲಿಸಿದ್ದರು. ಆಸ್ಪತ್ರೆಗೆ ಸೇರಿದ ಹನ್ನೆರಡನೆಯ ದಿನ, ಮಂಗಳವಾರ, ಹೋದರು. ಅವರ ಗಡ್ಡ ಬೋಳಿಸಲು ಪಕ್ಕದ ಅಂಗಡಿಯವರು ಬಂದರು. ಎರಡು ಕಡೆ ಗಾಯ ಮಾಡಿದರು. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಉಳಿದ ಹತ್ತು ಸಿನಿಮಾ ಇವತ್ತಿಗೂ ಸಿಕ್ಕಿಲ್ಲ. ಸಿಗುವುದೂ ಇಲ್ಲ, ಕೇಳುವವರೂ ಇಲ್ಲ. ಸಿಕ್ಕ ಒಂದು ನನ್ನ ಫೋನಿನಲ್ಲಿದೆ. ಹಾಗೇ ನೋಡಿದರೆ ಅದು ನಮ್ಮದಲ್ಲ. ಕನ್ನಡಿಗೆ ಹಿಡಿದರೆ, ಕುರ್ಚಿ ಎಡಕ್ಕೆ ಹೋಗುವುದೇನೋ ಹೌದು, ಅದಕ್ಕೆ ಅಡ್ಡವಾಗಿ ನನ್ನ ಮುಖ ಬರುತ್ತದೆ. ಕುರ್ಚಿಯ ಐಟಂ ಮಾಡುವುದನ್ನು ಬಿಟ್ಟಿದ್ದೇನೆ. ಜನ ಕೇಳುತ್ತಾರೆ, ಗಂಟಲು ಸರಿಯಿಲ್ಲ ಅನ್ನುತ್ತೇನೆ.

ಅವತ್ತು ವಾರ್ಡಿನಲ್ಲಿ ಮಾಸ್ತರರ ದನಿಯ ನನ್ನ ಪಾಠ ಮುಗಿಯುವವರೆಗೆ ಅಣ್ಣ ಕಾದರು. ಫೋನನ್ನು ಎರಡು ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನನ್ನನ್ನು, ಮೂಗಿನಿಂದ ಬೈತಲೆಯವರೆಗೆ, ಕಟಿಂಗಿಗೆ ಮೊದಲು ನೋಡುವಂತೆ ಒಮ್ಮೆ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿಕೊಳ್ಳುತ್ತಾ ಕೇಳಿದರು:

"ನಿನ್ನ ಮುಖಾನ ನೀನು ಯಾವತ್ತಾರ ನೆಟ್ಟಗೆ ನೋಡ್ಕಂಡಿದೀಯೇನಲೇ?"